ಕಂಪ್ಯೂಟರ್ ಪದೇ ಪದೇ ಬಂದ್ ಆಗುತ್ತಿದೆಯೇ? ಫಾರ್ಮ್ಯಾಟ್‌ಗೆ ಮೊದಲು ಪ್ಲಗ್ ನೋಡಿ

ಡೆಸ್ಕ್‌ಟಾಪ್ ಕೈಕೊಟ್ಟರೆ ನಮ್ಮ ಕಡೆ ಒಂದೇ ಔಷಧಿ: ‘ಫಾರ್ಮ್ಯಾಟ್ ಮಾಡಿಸಿ’. ತಿಪಟೂರಿಗೋ ತುರುವೇಕೆರೆಗೋ ಸಿಪಿಯು ಹೊತ್ತು ಹೋಗಿ ಮಾಡಿಸಿಕೊಂಡು ಬಂದ ಮೇಲೂ ಅದೇ ಕಥೆ. ಸಂಪಿಗೆಯ ನಮ್ಮನೆ ಯಂತ್ರವೂ ಅಂಗಡಿಯಲ್ಲಿ ಇಡೀ ದಿನ ಓಡಿ, ಮನೆಗೆ ಬಂದರೆ ಸಂಜೆಯೊಳಗೆ ಬಂದ್. ಅಂಗಡಿಯಲ್ಲಿ ಇಲ್ಲದ್ದು ಮನೆಯಲ್ಲಿ ಏನಿದೆ ಅಂತ ಕೇಳಿಕೊಂಡರೆ ಅರ್ಧ ಕೆಲಸ ಮುಗೀತು.

ಮೊದಲು ಮುಖ್ಯ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಆಮೇಲೆ ಗಮನಿಸಿ: ನೀಲಿ ಪರದೆ ಬರುತ್ತದೋ, ಟಪ್ ಅಂತ ಆಫ್ ಆಗುತ್ತದೋ?

ನೀಲಿ ಪರದೆಯಾದರೆ ‘ಸ್ಟಾರ್ಟಪ್ ಅಂಡ್ ರಿಕವರಿ’ಯಲ್ಲಿ ಆಟೊಮ್ಯಾಟಿಕ್ ರೀಸ್ಟಾರ್ಟ್ ತೆಗೆದು, ಬರುವ ಸ್ಟಾಪ್ ಕೋಡ್ ಬರೆದಿಟ್ಟುಕೊಳ್ಳಿ. ಪ್ರತಿಸಲ ಒಂದೇ ಕೋಡ್ ಬಂದರೆ ಡ್ರೈವರ್ ಮೇಲೆ ಅನುಮಾನ. ದಿನಕ್ಕೊಂದು ಕೋಡ್ ಬಂದರೆ ರ‍್ಯಾಮ್ ಮೇಲೆ. ಒಂದೊಂದೇ ಸ್ಟಿಕ್ ಹಾಕಿ ರಾತ್ರಿಯಿಡೀ ಮೆಮ್‌ಟೆಸ್ಟ್86 ಓಡಿಸಿ. ಡ್ರೈವರ್ ಅಂದರೆ ಸಣ್ಣ ವಿಷಯ ಅಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಕೆಟ್ಟ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತ್ತು.

ಟಪ್ ಅಂತ ಆಫ್ ಆದರೆ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಕಾಣುತ್ತದೆ. ಯೂಟ್ಯೂಬ್ ಪಂಡಿತರು ಇದನ್ನೇ ರೋಗ ಅಂತಾರೆ. ಅದು ಹೇಳೋದು ‘ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ’ ಅನ್ನೋದನ್ನು ಮಾತ್ರ. ಆದರೆ ಯಂತ್ರ ಆಫ್ ಆದ ಸಮಯ ಉಪಯೋಗಕ್ಕೆ ಬರುತ್ತೆ. ಒಂದು ವಾರ ಆ ಸಮಯಗಳನ್ನು ಹಾಳೆಯಲ್ಲಿ ಬರೆಯಿರಿ.

ಭಾರದ ಕೆಲಸ ಶುರುವಾಗಿ ಸ್ವಲ್ಪ ಹೊತ್ತಿಗೆ ಆಫ್ ಆದರೆ ಶಾಖ. ಕಾಯಿ ಸುಲಿಯುವ ಮನೆಗಳಲ್ಲಿ ತೆಂಗಿನ ನಾರಿನ ಧೂಳು ಫ್ಯಾನಿಗೆ ಮೆತ್ತಿಕೊಂಡಿರುತ್ತೆ. ಪ್ಲಗ್ ಕಿತ್ತು, ಫ್ಯಾನ್ ತಿರುಗದಂತೆ ಹಿಡಿದು ಬ್ಲೋವರ್ ಹೊಡೆಯಿರಿ. ಎಸ್‌ಎಂಪಿಎಸ್ ಪೆಟ್ಟಿಗೆ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಶಾಕ್ ಉಳಿದಿರುತ್ತೆ.

ಮೋಟಾರ್ ಎತ್ತುವ ಹೊತ್ತಿಗೋ ಕರೆಂಟ್ ಹೋದ ಕ್ಷಣಕ್ಕೋ ಆಫ್ ಆದರೆ ವಿದ್ಯುತ್. ಎಸ್‌ಎಂಪಿಎಸ್ ತಡೆಯುವ ಗ್ಯಾಪ್ ಸುಮಾರು 16 ಮಿಲಿಸೆಕೆಂಡ್; ನಮ್ಮ 50 ಹರ್ಟ್ಜ್ ಕರೆಂಟಿನ ಒಂದು ಸುತ್ತೇ 20. ನಮ್ಮನೆ ಹಾಳೆಯಲ್ಲಿ ಎಲ್ಲವೂ ಕರೆಂಟ್ ಹೋದ ಸಮಯಗಳೇ. ಇನ್ವರ್ಟರ್ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿದ್ದೇ ರಿಪೇರಿ. ಯುಪಿಎಸ್ ಇದ್ದವರು ಅದನ್ನು ಬಿಟ್ಟು ನೇರ ಗೋಡೆಯಿಂದ ಓಡಿಸಿ ನೋಡಿ. ಸತ್ತ ಬ್ಯಾಟರಿಯೂ ಇದೇ ಆಟ ಆಡುತ್ತೆ. ಅರ್ಥಿಂಗ್ ಕೂಡ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಇನ್ನು, ಮನೆಗೆ ಬರುವ 230 ವೋಲ್ಟೇ ಕುಸಿಯುತ್ತಿದ್ದರೆ ಅದು ನಿಮ್ಮ ಕಂಪ್ಯೂಟರಿನ ತಪ್ಪಲ್ಲ. ಪಹಣಿ, ಸ್ಕಾಲರ್‌ಶಿಪ್, ಸಿಇಟಿ ಆಪ್ಷನ್ ಎಂಟ್ರಿ ಎಲ್ಲ ಆನ್‌ಲೈನ್ ಆಗಿವೆ. ಕೊನೇ ದಿನದ ರಾತ್ರಿ ಪರದೆ ಕಪ್ಪಾದರೆ ಸೀಟು ಹೋಗೋದು ಹಳ್ಳಿ ಹುಡುಗಿಯದ್ದು. ಪಂಪ್‌ಸೆಟ್ ಲೈನನ್ನು ಊರಿನ ಲೈನಿಂದ ಬೇರೆ ಮಾಡಲು ನಿರಂತರ ಜ್ಯೋತಿ ಯೋಜನೆ ಬಂತು, ಆದರೆ ಎಷ್ಟೋ ತೋಟದ ಮನೆಗಳು ಪಂಪ್‌ಸೆಟ್ ಲೈನಲ್ಲೇ ಉಳಿದಿವೆ. ವಿದ್ಯುತ್ ಕಾಯ್ದೆ 2003ರ ಸೆಕ್ಷನ್ 57ರಲ್ಲಿ ಸೇವೆಯ ಗುಣಮಟ್ಟ, ಅದು ತಪ್ಪಿದರೆ ಪರಿಹಾರ ಎರಡೂ ಇವೆ. 42(5)ರಲ್ಲಿ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ. ಮೊದಲು 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಆಮೇಲೆ ಲಿಖಿತ ದೂರು ಕೊಡುವಾಗ, ಆ ವಾರದ ಹಾಳೆಯ ಜೆರಾಕ್ಸ್ ಲಗತ್ತಿಸಿ.