ತಲೆ ಬದಲಿಸುವ ಜ್ವರ

1898ರಲ್ಲಿ ಪ್ಲೇಗು ಬಂದಾಗ ಬೆಂಗಳೂರಿಗೆ ಒಂದು ಉಪಾಯ ಹೊಳೆದಿತ್ತು: ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ಕರೆತರುವುದು. ಬಸವನಗುಡಿ, ಮಲ್ಲೇಶ್ವರಗಳ ಅಗಲ ಬೀದಿಗಳು ಬೆಳೆದದ್ದು ಆ ಭಯದ ನೆರಳಿನಲ್ಲೇ. ಇಪ್ಪತ್ತು ವರ್ಷಗಳ ಬಳಿಕ ಬಂದ ಇನ್‌ಫ್ಲುಯೆಂಜಾಕ್ಕೆ ಬೀದಿಯ ಅಗಲ ಲೆಕ್ಕಕ್ಕೇ ಬರಲಿಲ್ಲ. ಅದು ಇಲಿಯನ್ನಲ್ಲ, ಮನುಷ್ಯರ ಉಸಿರನ್ನೇ ಏರಿ ಬಂದ ರೋಗ. ಬಸವನಗುಡಿಯ ಆಚೆ, ಕನಕಪುರದ ಕಡೆಗಿದ್ದ ಜರಗನಹಳ್ಳಿಯಂಥ ಊರುಗಳು ಆಗ ಹೊಲಗದ್ದೆಗಳ ನಡುವಿನ ಹಳ್ಳಿಗಳು. ದೂರವೂ ಅವಕ್ಕೆ ರಕ್ಷಣೆಯಾಗಿರಲಿಲ್ಲ.

1918ರ ಜೂನ್‌ನಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡ ಜ್ವರ ರೈಲು ಹಿಡಿದು ದೇಶವೆಲ್ಲ ಸುತ್ತಿತು. ಸೆಪ್ಟೆಂಬರ್ ನಂತರದ ಎರಡನೆಯ ಅಲೆಯೇ ಮಾರಿಯಾದದ್ದು. ಅದು ದೇಶದಲ್ಲಿ ಮುಂಗಾರು ಕೈಕೊಟ್ಟ ವರ್ಷ; ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ತಿಂಗಳುಗಳು. ಸಂಸ್ಥಾನಕ್ಕೆ ಬಿದ್ದ ಪೆಟ್ಟು ಜನಗಣತಿಯಲ್ಲೇ ಕಾಣುತ್ತದೆ. 1911ರಲ್ಲಿ 58.06 ಲಕ್ಷವಿದ್ದ ಜನಸಂಖ್ಯೆ ಹತ್ತು ವರ್ಷ ಕಳೆದರೂ 59.79 ಲಕ್ಷವನ್ನಷ್ಟೇ ಮುಟ್ಟಿತು. ಸತ್ತವರಲ್ಲಿ ಬಹುಮಂದಿ ಮುದುಕರಲ್ಲ, ಇಪ್ಪತ್ತರಿಂದ ನಲವತ್ತರ ನಡುವಿನ ದುಡಿಯುವ ಜನ.

ಆ ಕಾಲದ ವೈದ್ಯರಿಗೆ ಶತ್ರು ಯಾರೆಂದೇ ಗೊತ್ತಿರಲಿಲ್ಲ. ಎಷ್ಟೋ ಮಂದಿ ಬ್ಯಾಕ್ಟೀರಿಯಾವೊಂದನ್ನು ದೂರಿ, ಅದರಿಂದಲೇ ಲಸಿಕೆಯನ್ನೂ ತಯಾರಿಸಿದರು. ಮನುಷ್ಯನ ಫ್ಲೂ ವೈರಸ್ ಕೈಗೆ ಸಿಕ್ಕಿದ್ದು 1933ರಲ್ಲಿ, ಲಂಡನ್ನಿನ ಪ್ರಯೋಗಾಲಯದಲ್ಲಿ, ಸೀನುವ ಫೆರೆಟ್ ಎಂಬ ಪ್ರಾಣಿಗಳ ನೆರವಿನಿಂದ.

ಈ ವೈರಸ್ಸಿನ ಮೈಮೇಲೆಲ್ಲ ಅಣಬೆಗಳಂತೆ ಎದ್ದುನಿಂತ ಪ್ರೋಟೀನುಗಳಿವೆ. ಹಿಮಾಗ್ಲುಟಿನಿನ್ ಎಂದು ಅದರ ಹೆಸರು. ಅಣಬೆಯ ತಲೆ ನಮ್ಮ ಗಂಟಲಿನ ಜೀವಕೋಶಕ್ಕೆ ಅಂಟಿಕೊಳ್ಳುತ್ತದೆ. ಕೋಶ ವೈರಸ್ಸನ್ನು ಒಳಗೆ ನುಂಗಿದ ಮೇಲೆ ಕೆಲಸ ಕಾಂಡದ್ದು: ಒಳಗಿನ ಹುಳಿಗೆ ಅದು ಸ್ಪ್ರಿಂಗಿನಂತೆ ಚಿಮ್ಮಿ ಎರಡು ಪೊರೆಗಳನ್ನು ಬೆಸೆದು, ವೈರಸ್ಸಿನ ವಂಶವಾಹಿಗೆ ದಾರಿ ಬಿಡುತ್ತದೆ. ಒಮ್ಮೆ ಜ್ವರ ಬಂದು ಹೋದವರ ರಕ್ತದಲ್ಲಿ ಪ್ರತಿಕಾಯಗಳು ಉಳಿಯುತ್ತವಷ್ಟೆ. ಕವೆಗೋಲಿನ ಆಕಾರದ ಈ ಪ್ರೋಟೀನುಗಳ ಎರಡು ತುದಿಗಳು ಅಣಬೆಯ ತಲೆಯ ನಿರ್ದಿಷ್ಟ ಉಬ್ಬುತಗ್ಗುಗಳಿಗೆ ಸರಿಯಾಗಿ ಕೂರುತ್ತವೆ. ಅಲ್ಲಿ ಕೂತರೆ ವೈರಸ್ಸಿಗೆ ಕೋಶವನ್ನು ಹಿಡಿಯಲಾಗದು.

ತೊಡಕಿರುವುದೂ ಅಲ್ಲೇ. ತಲೆಯ ಉಬ್ಬುತಗ್ಗು ವರ್ಷವರ್ಷವೂ ಅಷ್ಟಿಷ್ಟು ಬದಲಾಗುತ್ತದೆ. ಕೆಲವೊಮ್ಮೆ ಹಕ್ಕಿಗಳ ವೈರಸ್ಸಿನಿಂದ ಹೊಸ ಅಣಬೆಯೇ ಬಂದು ಸೇರುತ್ತದೆ. 1957ರ ಮೇ ತಿಂಗಳಲ್ಲಿ ಸಿಂಗಪುರದಿಂದ ಮದರಾಸಿಗೆ ಬಂದ ಹಡಗಿನ ಪ್ರಯಾಣಿಕರೊಡನೆ ಇಳಿದ ಏಷ್ಯನ್ ಫ್ಲೂ ಅಂಥದು. ಹಳೆಯ ಪ್ರತಿಕಾಯಗಳಿಗೆ ಅದರ ಗುರುತೇ ಹತ್ತಲಿಲ್ಲ. ಮುಂದಿನ ಫೆಬ್ರುವರಿಯ ಹೊತ್ತಿಗೆ ದೇಶದಲ್ಲಿ 44 ಲಕ್ಷಕ್ಕೂ ಹೆಚ್ಚು ಮಂದಿ ಮಲಗಿದ್ದರು.

ಇದರ ತಿರುಗುಮುರುಗು 2009ರಲ್ಲಿ ನಡೆಯಿತು. ಹಂದಿಜ್ವರವೆಂದು ಬೆಂಗಳೂರನ್ನೂ ನಡುಗಿಸಿದ ಎಚ್1ಎನ್1 ಹಿರಿಯರನ್ನು ಅಷ್ಟಾಗಿ ಬಾಧಿಸಲಿಲ್ಲ, ಎಳೆಯರನ್ನೇ ಹೆಚ್ಚು ಹಿಡಿಯಿತು. 1918ರ ವೈರಸ್ಸಿನ ಸಂತತಿ ಹಂದಿಗಳಲ್ಲಿ ಹೆಚ್ಚು ಬದಲಾಗದೆ ಉಳಿದಿತ್ತು; ಬಾಲ್ಯದಲ್ಲಿ ಅದರ ನೆಂಟರನ್ನು ಕಂಡಿದ್ದ ಅಜ್ಜ ಅಜ್ಜಿಯರ ರಕ್ತ ಅದನ್ನು ಗುರುತಿಸಿತು. ಇದಕ್ಕೆ ಒಂದು ವರ್ಷ ಮೊದಲೇ ಅಮೆರಿಕದ ವಿಜ್ಞಾನಿಗಳು, 1918ರಲ್ಲಿ ಬದುಕುಳಿದ 91ರಿಂದ 101 ವಯಸ್ಸಿನವರಲ್ಲಿ ಆ ವೈರಸ್ಸನ್ನು ತಡೆಯಬಲ್ಲ ಪ್ರತಿಕಾಯಗಳನ್ನು ತೋರಿಸಿದ್ದರು. ತೊಂಬತ್ತು ವರ್ಷದ ಹಗೆಯನ್ನು ಮನಸ್ಸು ಮರೆತರೂ ರಕ್ತ ಮರೆತಿರಲಿಲ್ಲ.

ಹಗಲುವೇಷದವರು ದಿನಕ್ಕೊಂದು ಮುಖ ಬರೆದುಕೊಂಡು ಬಂದರೂ ನಡಿಗೆ ಮುಚ್ಚಿಡಲಾರರು. ವೈರಸ್ಸಿನ ನಡಿಗೆ ಅದರ ಕಾಂಡದಲ್ಲಿದೆ. ಅಲ್ಲಿ ಸುಲಭವಾಗಿ ಬದಲಾಗುವಂತಿಲ್ಲ. ಆದರೆ ಸ್ಪ್ರಿಂಗು ಕೆಟ್ಟು ವೈರಸ್ಸೇ ಸೋಲುತ್ತದೆ. ಕಾಂಡವನ್ನೇ ಹಿಡಿದು ಹಲವು ತಳಿಗಳನ್ನು ತಡೆಯುವ ಪ್ರತಿಕಾಯವೊಂದನ್ನು ಜಪಾನಿನವರು 1993ರಲ್ಲೇ ವರದಿ ಮಾಡಿದ್ದರು. ಆದರೆ ನಮ್ಮ ದೇಹಕ್ಕೆ ಎದುರಿಗೆ ಎದ್ದು ಕಾಣುವ ತಲೆಯ ಮೇಲೇ ಕಣ್ಣು. ಕಾಂಡ ಅದರ ಮರೆಯಲ್ಲಿ ಉಳಿದುಬಿಡುತ್ತದೆ.

ಹಾಗಿದ್ದರೆ ತಲೆಯನ್ನೇ ತೆಗೆದು ಕಾಂಡವನ್ನಷ್ಟೇ ದೇಹಕ್ಕೆ ತೋರಿಸಿದರೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವನ್ ವರದರಾಜನ್ ಅವರ ತಂಡ ಹಿಡಿದ ದಾರಿ ಇದು. ಹೇಳಿದಷ್ಟು ಸುಲಭವಲ್ಲ. ತಲೆ ಹೋದರೆ ಕಾಂಡ ತಾನಾಗಿ ಚಿಮ್ಮಿ ಬೇರೆಯೇ ಆಕಾರ ತಾಳುತ್ತದೆ, ಆ ಆಕಾರಕ್ಕೆ ಹುಟ್ಟುವ ಪ್ರತಿಕಾಯ ಪ್ರಯೋಜನಕ್ಕೆ ಬಾರದು. ಅಲ್ಲಲ್ಲಿ ಅಮೈನೋ ಆಮ್ಲಗಳನ್ನು ಬದಲಿಸಿ, ಸ್ಪ್ರಿಂಗನ್ನು ಬಿಗಿಹಿಡಿದ ಕಾಂಡವನ್ನು ಅವರು ರಚಿಸಿದರು. ಕೋಳಿಮೊಟ್ಟೆಯ ಬದಲು ಬ್ಯಾಕ್ಟೀರಿಯಾಗಳಲ್ಲಿ ಅದನ್ನು ಬೆಳೆಸಿದರು. ಅದನ್ನು ಚುಚ್ಚಿಸಿಕೊಂಡ ಇಲಿಗಳು ಮಾರಕ ಸೋಂಕಿನಿಂದ ಪಾರಾದುದನ್ನು 2010ರಲ್ಲಿ ಪ್ರಕಟಿಸಿದರು. 2014ರಲ್ಲಿ ಬೇರೆ ತಳಿಗೂ ಆ ರಕ್ಷಣೆ ಹಬ್ಬುವುದನ್ನು ತೋರಿಸಿದರು.

ಇಲಿಯಿಂದ ಮನುಷ್ಯನವರೆಗಿನ ದಾರಿ ದೂರ. ಎಲ್ಲ ತಳಿಗಳಿಗೂ ಒಗ್ಗುವ ಫ್ಲೂ ಲಸಿಕೆ ಇನ್ನೂ ಔಷಧದಂಗಡಿ ಮುಟ್ಟಿಲ್ಲ. ಈಗಲೂ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಫೆಬ್ರುವರಿಗೊಮ್ಮೆ, ಸೆಪ್ಟೆಂಬರಿಗೊಮ್ಮೆ ಸೇರಿ, ಮುಂದೆ ಬರಲಿರುವ ವೈರಸ್ಸಿನ ತಲೆ ಹೇಗಿರಬಹುದೆಂದು ಊಹಿಸಿ ಲಸಿಕೆಯ ತಳಿಗಳನ್ನು ಆರಿಸುತ್ತಾರೆ. ಊಹೆ ಕೆಲವು ವರ್ಷ ತಪ್ಪುವುದೂ ಉಂಟು.