ಸೂರಿನ ನೀರು, ಸಂದಿಯ ಹಸಿರು: ಶಿರಾ ಸೀಮೆಯ ಮನೆಮಗ್ಗುಲ ತೋಟ

ಕನ್ನಡದ ಪ್ರೌಢಕಾವ್ಯಗಳಲ್ಲಿ ಉದ್ಯಾನಕ್ಕೆ ನಿಶ್ಚಿತವಾದ ಸ್ಥಾನವಿದೆ. ಅಷ್ಟಾದಶ ವರ್ಣನೆಗಳ ಕಟ್ಟನ್ನು ಒಪ್ಪಿಕೊಂಡ ಕವಿ ಪುರ, ಸಮುದ್ರ, ಪರ್ವತ, ಋತು, ಚಂದ್ರೋದಯಗಳೊಡನೆ ವನವಿಹಾರವನ್ನೂ ಜಲಕ್ರೀಡೆಯನ್ನೂ ಹೇಳಬೇಕು. ಹತ್ತನೆಯ ಶತಮಾನದ ಪಂಪನು ಬನವಾಸಿಯನ್ನು ನೆನೆಯುವಾಗಲೂ ಮಾವು, ಮಲ್ಲಿಗೆಗಳ ಮೂಲಕವೇ ನೆನೆಯುತ್ತಾನೆ. ಆದರೆ ಮನೆಯ ಗೋಡೆಗೂ ಬೇಲಿಗೂ ನಡುವೆ ಉಳಿದ ಮೂರು ನಾಲ್ಕು ಅಡಿ ಅಗಲದ ನೆಲ ವರ್ಣನೆಯ ಪಟ್ಟಿಯಲ್ಲಿ ಸೇರಲಿಲ್ಲ. ಅದು ಗಾದೆಯಲ್ಲಿ, ಮನೆಮಾತಿನಲ್ಲಿ, ನೆರೆಹೊರೆಯ ವ್ಯಾಜ್ಯಗಳಲ್ಲಿ ಉಳಿಯಿತು. ಈ ಕಿರಿದಾದ ನೆಲಕ್ಕೂ ಒಂದು ಚರಿತ್ರೆಯಿದೆ. ಮಳೆ ಕಡಿಮೆಯಾದ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ಅದು ಬಹುಮಟ್ಟಿಗೆ ನೀರಿನ ಚರಿತ್ರೆಯೇ ಆಗಿದೆ.

ಮೊದಲು ಪದಗಳನ್ನು ಗಮನಿಸಬಹುದು. ‘ಹಿತ್ತಲು’ ಎಂಬುದು ಹಿಂದು ಎಂಬರ್ಥದ ದ್ರಾವಿಡ ಮೂಲದಿಂದ ಬಂದ ಮಾತು; ಹಳಗನ್ನಡದ ‘ಪಿತ್ತಿಲ್’ ಅದರ ಹಿಂದಿನ ರೂಪ. ‘ತೋಟ’ದ ಹಳೆಯ ರೂಪ ‘ತೋಂಟ’. ತುಮಕೂರು ಜಿಲ್ಲೆಯ ಎಡೆಯೂರಿನ ಸಿದ್ಧಲಿಂಗ ಯತಿಗಳು ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿದ್ದರಿಂದ ‘ತೋಂಟದ’ ಎಂಬ ವಿಶೇಷಣ ಪಡೆದು, ಆ ಹಳೆಯ ರೂಪವನ್ನು ಇಂದಿಗೂ ಜನರ ನಾಲಗೆಯಲ್ಲಿ ಉಳಿಸಿದ್ದಾರೆ. ಮನೆಯ ಹಿಂದಿನದು ಹಿತ್ತಲಾದರೆ, ಎರಡು ಮನೆಗಳ ನಡುವಿನ ಇಕ್ಕಟ್ಟಾದ ಜಾಗ ‘ಸಂದಿ’. ಹಿತ್ತಲಿಗೆ ಒಡೆಯನೊಬ್ಬನಿರುತ್ತಾನೆ. ಸಂದಿಯಾದರೋ ಹಲವೊಮ್ಮೆ ಇಬ್ಬರ ಸೂರಿನ ನೀರು ಬೀಳುವ ನೆಲ. ಯಾರ ನೀರು ಯಾರ ನೆಲಕ್ಕೆ ಬೀಳಬೇಕೆಂಬ ತಕರಾರು ಹಳ್ಳಿಯ ಪಂಚಾಯತಿಗಳಿಗೆ ಹೊಸದೇನೂ ಅಲ್ಲ.

ಗೃಹನಿರ್ಮಾಣ, ನೀರು, ಗಿಡ ಈ ಮೂರನ್ನೂ ಒಂದೇ ಗ್ರಂಥದಲ್ಲಿ ಹೇಳಿದ ಕನ್ನಡದ ಹಳೆಯ ಕೃತಿ ‘ಲೋಕೋಪಕಾರಂ’. ಇದನ್ನು ರಚಿಸಿದವನು ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯ. ಕಾಲ ಸುಮಾರು 1025. 978ರಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಬರೆದ, ಶ್ರವಣಬೆಳಗೊಳದ ಚಾವುಂಡರಾಯನು ಬೇರೆ, ಇವನು ಬೇರೆ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ವಾಸ್ತು, ನೆಲದಡಿಯ ನೀರನ್ನು ಗುರುತಿಸುವ ಉದಕಾರ್ಗಳ, ಗಿಡಮರಗಳ ಆರೈಕೆಯ ವೃಕ್ಷಾಯುರ್ವೇದ, ಗಂಧದ್ರವ್ಯ, ಅಡುಗೆ, ವೈದ್ಯ ಮುಂತಾದ ವಿಷಯಗಳು ಇಲ್ಲಿವೆ. ಅರಮನೆಯ ಉದ್ಯಾನಕ್ಕಿಂತ ಗೃಹಸ್ಥನ ದಿನಬಳಕೆಯೇ ಈ ವಿಷಯಗಳ ಆಯ್ಕೆಯಲ್ಲಿ ಎದ್ದು ಕಾಣುತ್ತದೆ. ಮನೆ ಕಟ್ಟುವವನು ನೀರನ್ನೂ ಗಿಡವನ್ನೂ ಒಟ್ಟಿಗೆ ಯೋಚಿಸಬೇಕೆಂಬ ತಿಳಿವಳಿಕೆ ಹನ್ನೊಂದನೆಯ ಶತಮಾನದ ಕನ್ನಡಕ್ಕೆ ಹೊಸದಾಗಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಶಾಸ್ತ್ರದಿಂದ ಶಿರಾ ಸೀಮೆಯ ನೆಲಕ್ಕೆ ಬಂದರೆ ಶಾಸನಗಳು ಎದುರಾಗುತ್ತವೆ. ಹದಿಮೂರನೆಯ ಶತಮಾನದಲ್ಲಿ ಇಲ್ಲಿನ ಬಹುಭಾಗ ನಿಡುಗಲ್ಲಿನ ಚೋಳರ ಆಳ್ವಿಕೆಯಲ್ಲಿತ್ತು. ಪಾವಗಡ ತಾಲ್ಲೂಕಿನ ನಿಡುಗಲ್ಲು ಬೆಟ್ಟದಲ್ಲಿ ಗಂಗೇಯನ ಮಾರೆಯನು ಪಾರ್ಶ್ವಜಿನ ಬಸದಿಯನ್ನು ಕಟ್ಟಿಸಿದ್ದನ್ನು ಇರುಂಗೋಳನ ಕಾಲದ 1232ರ ಶಾಸನ ಹೇಳುತ್ತದೆ. ಶಿರಾ ಸೀಮೆಗೆ ಹೊಂದಿಕೊಂಡಿದ್ದು ಈಗ ಆಂಧ್ರಪ್ರದೇಶಕ್ಕೆ ಸೇರಿರುವ ಅಮರಾಪುರದಲ್ಲಿ 1278ರ ಇನ್ನೊಂದು ಶಾಸನವಿದೆ. ತೈಲಂಗೆರೆಯ ಬ್ರಹ್ಮಜಿನಾಲಯದ ಪ್ರಸನ್ನ ಪಾರ್ಶ್ವದೇವರಿಗೆ ಮಲ್ಲಿಸೆಟ್ಟಿ ಎಂಬ ಶ್ರಾವಕನು ಎರಡು ಸಾವಿರ ಅಡಕೆಮರಗಳನ್ನು ದಾನವಾಗಿ ಕೊಟ್ಟನೆಂಬುದು ಅದರ ಸಾರ. ಅದರ ಉತ್ಪತ್ತಿಯಿಂದ ಬಸದಿಯನ್ನು ಕಲ್ಲಿನಲ್ಲಿ ಕಟ್ಟುವುದು ಉದ್ದೇಶ.

ಈ ಸಂಖ್ಯೆಯನ್ನು ಅವಸರದಲ್ಲಿ ದಾಟಬಾರದು. ಇಂದಿನ ನೆಡುವ ಅಂತರದಲ್ಲಿ ಎಕರೆಗೆ ಐನೂರು ಚಿಲ್ಲರೆ ಅಡಕೆಮರ ಹಿಡಿಯುತ್ತವೆ. ಆ ಲೆಕ್ಕದಲ್ಲಿ ಎರಡು ಸಾವಿರ ಮರವೆಂದರೆ ನಾಲ್ಕು ಎಕರೆಗೆ ಹತ್ತಿರದ ತೋಟ. ಅಡಕೆ ಬೇಸಿಗೆಯಲ್ಲಿಯೂ ನೀರು ಬೇಡುವ ಬೆಳೆ. ಮಳೆಯನ್ನಷ್ಟೇ ನಂಬಿ ಈ ಸೀಮೆಯಲ್ಲಿ ಅದು ಬದುಕಲಾರದು. ಆದ್ದರಿಂದ ಶಾಸನದ ಮರಗಳ ಹಿಂದೆ ಕೆರೆಯೋ ಬಾವಿಯೋ ಊಟೆಯೋ ಇದ್ದಿರಲೇಬೇಕು. ಈ ನಾಲ್ಕೂ ತಾಲ್ಲೂಕುಗಳಲ್ಲಿ ‘ತಲಪರಿಗೆ’ ಎಂಬ ವ್ಯವಸ್ಥೆ ಪ್ರಸಿದ್ಧ: ಮರಳುನೆಲದಲ್ಲಿ ಒಸರುವ ನೀರಿನ ತಲೆಯನ್ನು ತೋಡಿ, ಕಾಲುವೆಯಿಂದ ಇಳಿಜಾರಿಗೆ ಹರಿಸಿ, ಸರದಿಯ ಮೇಲೆ ಹಂಚಿಕೊಳ್ಳುವ ಕ್ರಮ. ಮದಲೂರಿನಂಥ ಊರುಗಳಿಗೆ ಕೆರೆಯೇ ಆಧಾರ. 2020ರ ಶಿರಾ ಉಪಚುನಾವಣೆಯ ಹೊತ್ತಿಗೆ ಮದಲೂರು ಕೆರೆಗೆ ಹೇಮಾವತಿಯ ನೀರು ಹರಿಸುವ ಮಾತು ನಾಡಿನಾದ್ಯಂತ ಕೇಳಿಬಂದಿತ್ತು. ಊರಿನ ಅಳಿವು ಉಳಿವುಗಳು ಕೆರೆಯ ಏರಿಯೊಳಗಿನ ನೀರಿನೊಡನೆ ಎಷ್ಟು ಹೆಣೆದುಕೊಂಡಿವೆ ಎಂಬುದನ್ನು ಅದು ತೋರಿಸಿತು.

ನೀರನ್ನು ಅಧಿಕಾರದ ಬಲದಿಂದ ತಂದು ತೋಟ ಮಾಡಿದ ನಿದರ್ಶನವೂ ಈ ಸೀಮೆಯಲ್ಲಿಯೇ ಇದೆ. 1687ರಲ್ಲಿ ಮೊಗಲರು ಶಿರಾವನ್ನು ತಮ್ಮ ಸುಬೆಯ ರಾಜಧಾನಿಯಾಗಿಸಿದರು. ಹದಿನೆಂಟನೆಯ ಶತಮಾನದಲ್ಲಿ ದಿಲಾವರ್ ಖಾನನ ಅರಮನೆಯೂ ಖಾನ್ ಬಾಗ್ ಎಂಬ ತೋಟವೂ ಹೆಸರಾಗಿದ್ದವು. ಬೆಂಗಳೂರಿನ ಲಾಲ್‌ಬಾಗ್‌ಗೆ ಖಾನ್ ಬಾಗ್ ಪ್ರೇರಣೆಯಾಗಿದ್ದಿರಬಹುದೆಂಬ ಊಹೆ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನ ಕಾಲದಿಂದಲೂ ಇದೆ. ಇಲ್ಲೊಂದು ಕಾಲದ ತೊಡಕನ್ನು ಗಮನಿಸಬೇಕು. ಹೈದರಾಲಿ ಲಾಲ್‌ಬಾಗ್ ಆರಂಭಿಸಿದ್ದು 1760ರಲ್ಲಿ. ಶಿರಾ ಅವನ ಕೈಸೇರಿದ್ದು 1761ರಲ್ಲಿ. ಗೆದ್ದ ಊರಿನ ತೋಟವನ್ನು ನೋಡಿ ತನ್ನ ತೋಟ ಮಾಡಿದನೆಂಬ ಸರಳ ಕಥೆ ಹಾಗಾಗಿ ನಿಲ್ಲುವುದಿಲ್ಲ. ಆದರೆ ಅವನ ತಂದೆ ಫತೇ ಮಹಮ್ಮದನು ಶಿರಾದ ಸುಬೇದಾರರ ಸೇವೆಯಲ್ಲಿದ್ದವನು. ಶಿರಾದ ವೈಭವ ಆ ಮನೆತನಕ್ಕೆ ಮೊದಲೇ ಪರಿಚಿತವಾಗಿತ್ತು ಎಂದುಕೊಂಡರೆ ಊಹೆಗೆ ಮತ್ತೆ ಬಲ ಬರುತ್ತದೆ. ಮುಂದೆ ಟಿಪ್ಪುವಿನ ಕಾಲದಲ್ಲಿ ಶಿರಾದ ಹನ್ನೆರಡು ಸಾವಿರ ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಮಿಗೆ ಒಯ್ದರೆಂಬ ಹೇಳಿಕೆಯಿದೆ. ಜನ ಹೋದ ಊರಿನಲ್ಲಿ ಅರಮನೆಯ ತೋಟ ಬಹುಕಾಲ ನಿಲ್ಲಲಾರದು. ನೀರೆತ್ತುವ ಕೈಗಳು ಇಲ್ಲವಾದಾಗ ಅರಸನ ಉದ್ಯಾನ ಬಯಲಾಗುತ್ತದೆ.

ಮನೆಮಗ್ಗುಲ ತೋಟದ ಬಾಳಿಕೆಗೆ ಕಾರಣ ಬೇರೆ. ಅದಕ್ಕಾಗಿ ಯಾರೂ ನೀರು ತರುವುದಿಲ್ಲ. ಮನೆಯೇ ಬಿಟ್ಟುಕೊಟ್ಟ ನೀರಿನಲ್ಲಿ ಅದು ಬೆಳೆಯುತ್ತದೆ. ಒಂದು ಸರಳ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ಈ ಸೀಮೆಯ ವರ್ಷದ ಮಳೆಯನ್ನು ಸ್ಥೂಲವಾಗಿ 600 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. 12 ಮೀಟರ್ ಉದ್ದ, 1 ಮೀಟರ್ ಅಗಲದ ಸಂದಿಯ ಮೇಲೆ ನೇರವಾಗಿ ಬೀಳುವುದು 7,200 ಲೀಟರ್. ಪಕ್ಕದ ಮನೆಯ ಚಾವಣಿ 100 ಚದರ ಮೀಟರ್ ಇದ್ದು, ಅದರ ಅರ್ಧದ ನೀರು ಈ ಕಡೆಗೆ ಇಳಿದರೆ ಇನ್ನೂ 30,000 ಲೀಟರ್ ಸೇರುತ್ತದೆ. ಒಟ್ಟು ನೀರನ್ನು ಆ ಪಟ್ಟಿಯ ಮೇಲೆ ಹರಡಿದರೆ 3,100 ಮಿಲಿಮೀಟರ್ ಮಳೆಗೆ ಸಮ. ಬಯಲುಸೀಮೆಯ ಗೋಡೆಯ ಮಗ್ಗುಲಲ್ಲಿ ಮಲೆನಾಡಿನ ಮಳೆ! ಬಿಸಿಲಿಗೆ ಆವಿಯಾಗುವುದನ್ನೂ ಬಿರುಮಳೆಯಲ್ಲಿ ಹರಿದುಹೋಗುವುದನ್ನೂ ಕಳೆದರೂ, ಹೊಲ ಒಣಗಿದ ಮೇಲೆ ಸಂದಿಯ ಗಿಡ ಹಸಿರಾಗಿರುವುದಕ್ಕೆ ಈ ಲೆಕ್ಕವೇ ಕಾರಣ. ಇದರ ಮೇಲೆ ಬಚ್ಚಲ ನೀರು ದಿನವೂ ಬರುತ್ತಿತ್ತು. ಸೀಗೆಪುಡಿ, ಕಡಲೆಹಿಟ್ಟಿನ ಕಾಲದಲ್ಲಿ ಆ ನೀರು ಗಿಡಕ್ಕೆ ಹಿತವಾಗಿಯೇ ಇತ್ತು. ಬಚ್ಚಲ ಬಾಯಿಗೆ ಬಾಳೆ, ಅದರ ನೆರಳಿಗೆ ಕೆಸು ಎಂಬ ಜೋಡಣೆ ಕನ್ನಡನಾಡಿನ ಯಾವ ಭಾಗದವರಿಗೂ ಅಪರಿಚಿತವಲ್ಲ.

ಆದರೆ ಇದೇ ನೀರು ಮಣ್ಣಿನ ಗೋಡೆಗೆ ಶತ್ರು. ಮಾಳಿಗೆ ಮನೆಗಳಲ್ಲಿ ಚಾವಣಿಯ ನೀರನ್ನು ಗೋಡೆಗೆ ತಾಗದಂತೆ ದೋಣಿಯಿಂದ ದೂರಕ್ಕೆ ಬೀಳಿಸುತ್ತಿದ್ದರು. ಗೋಡೆಯ ಬುಡಕ್ಕೆ ಚಪ್ಪಡಿ, ಆಚೆಗೆ ಇಳಿಜಾರು, ಕೊನೆಯಲ್ಲಿ ಗಿಡ ಎಂಬ ಕ್ರಮವನ್ನು ಇಂದಿಗೂ ಬಿಡುವಂತಿಲ್ಲ. ಬೇರು ಬಲಿಯುವ ಮರವನ್ನು ಅಲ್ಲಿ ನೆಡಬಾರದು. ಬೆಳಕಿನ ವಿಚಾರವೂ ಇದೆ. ಈ ಅಕ್ಷಾಂಶದಲ್ಲಿ ನಡುಹಗಲ ಸೂರ್ಯ ಉತ್ತರಕ್ಕೆ ವಾಲುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ. ಮನೆಯ ಉತ್ತರದ ಸಂದಿಗೆ ಉಳಿದ ಎಂಟು ತಿಂಗಳು ನೆರಳೇ ಹೆಚ್ಚು. ಅಲ್ಲಿ ದೊಡ್ಡಪತ್ರೆ, ಕೆಸು, ವೀಳ್ಯದ ಬಳ್ಳಿ ಒಗ್ಗುತ್ತವೆ. ದಕ್ಷಿಣದ ಸಂದಿಗೆ ದಾಸವಾಳ, ಮಲ್ಲಿಗೆ, ಕರಿಬೇವು, ಚಪ್ಪರದ ಅವರೆ ಸರಿ. ಜೈನ ಗೃಹಸ್ಥನ ಮನೆಯಾದರೆ ಕಂದಮೂಲಗಳಿಗೆ ಅಲ್ಲಿ ಎಡೆಯಿಲ್ಲ. ಪೂಜೆಯ ಹೂವಿಗೆ ಮೊದಲ ಸ್ಥಾನ. ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮರಳಿಸುವ ಶ್ರಾವಕಾಚಾರವನ್ನು ಪಾಲಿಸುವ ಮನೆಯಲ್ಲಿ ಒಂದು ತಂಬಿಗೆ ನೀರಿಗೂ ಲೆಕ್ಕವಿರುತ್ತದೆ.

ಸಂದಿಯು ವಾಡಿಕೆಯಿಂದ ಕಾನೂನಿನೊಳಗೆ ಬಂದದ್ದು ನಗರಗಳ ಮೂಲಕ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಗೋಡೆಗೆ ಗೋಡೆ ತಾಗಿದ ಪೇಟೆಯ ಮನೆಗಳಲ್ಲಿ ಗಾಳಿ ಬೆಳಕುಗಳಿಲ್ಲದಿರುವುದೇ ರೋಗಕ್ಕೆ ಆಸರೆಯೆಂಬ ಅಭಿಪ್ರಾಯ ಬಲವಾಯಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡಾಗ ಮನೆಯ ಸುತ್ತ ತೆರಪು ಬಿಡುವುದು ಆರೋಗ್ಯದ ಕ್ರಮವಾಯಿತು. ಆ ತೆರಪನ್ನು ಹಸಿರಾಗಿಸುವ ಅಭಿರುಚಿ ಬೆಳೆದದ್ದು ಲಾಲ್‌ಬಾಗಿನ ಆಶ್ರಯದಲ್ಲಿ. 1908ರಲ್ಲಿ ಅಲ್ಲಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಜಿ. ಎಚ್. ಕ್ರುಂಬಿಗಲ್ 1932ರವರೆಗೆ ಸಂಸ್ಥಾನದ ಸೇವೆಯಲ್ಲಿದ್ದರು; ಅವರ ತರುವಾಯ ಎಚ್. ಸಿ. ಜವರಾಯರು ಆ ಕೆಲಸವನ್ನು ಮುಂದುವರಿಸಿದರು. ಫಲಪುಷ್ಪ ಪ್ರದರ್ಶನಗಳು ಕ್ರೋಟನ್ನನ್ನೂ ಗುಲಾಬಿಯನ್ನೂ ಮಧ್ಯಮವರ್ಗದ ಮನೆಯಂಗಳಕ್ಕೆ ತಂದವು. ಇದರಿಂದ ಸಂದಿಗೆ ಚೆಲುವು ಬಂದಿತು; ನೀರಿನೊಡನೆ ಅದಕ್ಕಿದ್ದ ನಂಟು ಸಡಿಲವಾಯಿತು. ನಲ್ಲಿಯ ನೀರಿನಲ್ಲಿ ಬೆಳೆದ ಗಿಡಕ್ಕೆ ಸೂರಿನ ಹಂಗಿರಲಿಲ್ಲ. ಆ ನಂಟನ್ನು ಬೆಂಗಳೂರಿನಲ್ಲಿ ಮತ್ತೆ ಬೆಸೆಯಲು 2009ರಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡುವ ಕಾನೂನೇ ಬೇಕಾಯಿತು.

ಇಂದು ಶಿರಾ ಸೀಮೆಯ ಹಳ್ಳಿಗಳಲ್ಲಿಯೂ ತಾರಸಿ ಮನೆಗಳೇ ಹೆಚ್ಚು. ಸಂದಿಗೆ ಕಾಂಕ್ರೀಟು ಹಾಕಿ, ಚಾವಣಿಯ ನೀರನ್ನು ಕೊಳವೆಯಿಂದ ಚರಂಡಿಗೆ ಬಿಟ್ಟು, ಗಿಡಕ್ಕೆ ಕೊಳವೆಬಾವಿಯ ನೀರು ಹಾಯಿಸುವುದು ರೂಢಿಯಾಗುತ್ತಿದೆ. ಮೂವತ್ತು ಸಾವಿರ ಲೀಟರನ್ನು ಹೊರಗೆ ಕಳುಹಿಸಿ, ನೂರಾರು ಅಡಿ ಆಳದಿಂದ ಅದನ್ನೇ ಮೇಲೆತ್ತುವ ಈ ಕ್ರಮಕ್ಕೆ ಯಾವ ಶಾಸ್ತ್ರದ ಬೆಂಬಲವೂ ಇಲ್ಲ. ಸಾಬೂನು ಬೆರೆತ ಬಚ್ಚಲ ನೀರು ಮೊದಲಿನಷ್ಟು ಹಿತವಲ್ಲ ಎಂಬುದು ನಿಜ. ಮಳೆಯ ನೀರಿಗೆ ಆ ದೋಷವಿಲ್ಲ. ಗೋಡೆಯ ಬುಡಕ್ಕೆ ಒಂದೂವರೆ ಅಡಿ ಚಪ್ಪಡಿ, ನಂತರ ಮಣ್ಣಿನ ಪಟ್ಟಿ, ಕೊಳವೆಯ ಬಾಯಿಗೆ ಜಲ್ಲಿ ತುಂಬಿದ ಗುಂಡಿ, ಹೆಚ್ಚಾದ ನೀರಿಗೆ ಹೊರದಾರಿ: ಇಷ್ಟನ್ನು ಮಾಡಲು ಒಬ್ಬ ಗಾರೆಯವನ ಒಂದೆರಡು ದಿನದ ಕೆಲಸ ಸಾಕು.

ಮಲ್ಲಿಸೆಟ್ಟಿಯ ಅಡಕೆಮರಗಳಲ್ಲಿ ಒಂದೂ ಇಂದು ಇರಲಾರದು. ಅವನ ದಾನವನ್ನು ಹೇಳುವ ಕಲ್ಲು ಉಳಿದಿದೆ. ಸಂದಿಯ ಬಾಳೆಗೆ ಶಾಸನವಿಲ್ಲ. ಸೂರಿನ ನೀರು ಅದರ ಬುಡಕ್ಕೆ ಬೀಳುತ್ತಿರುವವರೆಗೆ ತಾಯಿಗಿಡ ಕಡಿದ ಮೇಲೂ ಮರಿ ಏಳುತ್ತದೆ.