ಮಂಡಿಕೀಲು ಬದಲಾವಣೆಯಲ್ಲಿ ರಕ್ತಸ್ರಾವದ ನಿಗ್ರಹ: ಟ್ರಾನೆಕ್ಸಾಮಿಕ್ ಆಮ್ಲವನ್ನು ಕುರಿತ ಒಂದು ವಿವೇಚನೆ

ಮಂಡಿಕೀಲನ್ನು ಬದಲಾಯಿಸುವ ಶಸ್ತ್ರಚಿಕಿತ್ಸೆಯಲ್ಲಿ, ತೊಡೆಗೆ ಬಿಗಿದ ಟೂರ್ನಿಕೆಟ್ಟಿನ ದೆಸೆಯಿಂದ ರಕ್ತವು ವೈದ್ಯನ ಕಣ್ಣಿಗೆ ಅತ್ಯಲ್ಪವಾಗಿ ತೋರಿದರೂ, ಆ ಪಟ್ಟಿಯನ್ನು ಸಡಿಲಿಸಿದ ಬಳಿಕ ಕೊಯ್ದ ಎಲುಬಿನಿಂದಲೂ ಸುತ್ತಣ ಮೃದು ಅಂಗಾಂಶಗಳಿಂದಲೂ ಒಸರುವ ನೆತ್ತರು ಬಹುಮಟ್ಟಿಗೆ ಕೀಲಿನೊಳಗೇ ಅಡಗಿ, ಮುಂದಿನ ದಿನಗಳ ಹಿಮೋಗ್ಲೋಬಿನ್ ಇಳಿತದಲ್ಲಿ ಮಾತ್ರ ತನ್ನ ನಿಜವಾದ ಪ್ರಮಾಣವನ್ನು ಪ್ರಕಟಿಸುತ್ತದೆ. ಶಸ್ತ್ರಾಘಾತವೂ ರಕ್ತಚಲನೆಯ ತಡೆಯೂ ಕೂಡಿ ಆ ಅಂಗದಲ್ಲಿ ಫೈಬ್ರಿನ್ನಿನ ಲಯಕ್ರಿಯೆಯನ್ನು ಕೆರಳಿಸುವುದರಿಂದ, ಕಟ್ಟಿದ ಹೆಪ್ಪು ಅಕಾಲದಲ್ಲಿ ಕರಗುವುದೇ ಈ ಸ್ರಾವಕ್ಕೆ ಒಂದು ಮುಖ್ಯ ಕಾರಣ.

ಈ ಲಯವನ್ನು ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನು 1962ರಲ್ಲಿ ಲೋಕಕ್ಕೆ ತಿಳಿಸಿದವರು ಜಪಾನಿನ ಉತಾಕೊ ಮತ್ತು ಶೋಸುಕೆ ಒಕಾಮೊಟೊ ದಂಪತಿಗಳು. ಪ್ರಸವಾನಂತರದ ರಕ್ತಸ್ರಾವದಿಂದ ಮಡಿಯುವ ತಾಯಂದಿರನ್ನು ಉಳಿಸಬೇಕೆಂಬ ಹಂಬಲ ಅವರ ಶೋಧನೆಯ ಹಿಂದಿತ್ತೆಂಬುದು ಸ್ಮರಣಾರ್ಹ. ಲೈಸೀನನ್ನು ಹೋಲುವ ಈ ಅಣುವು ಪ್ಲಾಸ್ಮಿನೋಜೆನ್ನಿನ ಬಂಧಸ್ಥಾನಗಳನ್ನು ತಾನೇ ಆಕ್ರಮಿಸಿ, ಅದು ಫೈಬ್ರಿನ್ನಿಗೆ ಅಂಟದಂತೆ ಮಾಡುತ್ತದೆ. ಹೊಸ ಹೆಪ್ಪನ್ನು ಸೃಜಿಸುವ ಶಕ್ತಿ ಇದಕ್ಕಿಲ್ಲ. ಆದುದರಿಂದ ಪ್ರಮಾಣದಷ್ಟೇ, ನನ್ನ ಮತದಲ್ಲಿ ಅದಕ್ಕಿಂತ ಮಿಗಿಲಾಗಿ, ಕಾಲವೇ ಇಲ್ಲಿ ವಿಚಾರಣೀಯ: ದೇಹತೂಕದ ಕಿಲೋಗ್ರಾಮಿಗೆ 10ರಿಂದ 20 ಮಿಲಿಗ್ರಾಮಿನಂತೆ ಸಿರೆಯ ಮೂಲಕ ಕೊಡುವ ಔಷಧವು ಶಸ್ತ್ರಪಾತಕ್ಕೆ ಮುನ್ನ, ಕಡೆಯಪಕ್ಷ ಟೂರ್ನಿಕೆಟ್ ಸಡಿಲಿಸುವ ಮುನ್ನ, ರಕ್ತವನ್ನು ಸೇರಿರತಕ್ಕದ್ದು. ಗುಳಿಗೆಯಾಗಿ ನುಂಗಿಸುವ, ಕೀಲಿನೊಳಕ್ಕೇ ಸುರಿಯುವ ಕ್ರಮಗಳೂ ಫಲಕಾರಿಯೇ.

ಹೆಪ್ಪನ್ನು ಕಾಯುವ ಔಷಧವು ಕಾಲಿನ ಸಿರೆಗಳಲ್ಲಿಯೂ ಶ್ವಾಸಕೋಶದಲ್ಲಿಯೂ ಅಪಾಯಕರವಾದ ಹೆಪ್ಪಿಗೆ ಎಡೆಗೊಟ್ಟೀತೆಂಬ ಶಂಕೆ ಸಹಜವಾದುದು. ಅಮೆರಿಕದ 510 ಆಸ್ಪತ್ರೆಗಳಲ್ಲಿ ಸೊಂಟದ ಅಥವಾ ಮಂಡಿಯ ಕೀಲು ಬದಲಾಯಿಸಿಕೊಂಡ 8,72,416 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧ ಪಡೆದವರಲ್ಲಿ ಶೇ. 7.7ರಷ್ಟು ಮಂದಿಗೂ ಪಡೆಯದವರಲ್ಲಿ ಶೇ. 20.1ರಷ್ಟು ಮಂದಿಗೂ ರಕ್ತ ನೀಡಬೇಕಾಯಿತು. ಅಪಾಯಕರ ಹೆಪ್ಪುಗಳ ತೊಡಕು ಅನುಕ್ರಮವಾಗಿ ಶೇ. 0.6 ಮತ್ತು 0.8. ಈ ಕಡೆಯ ವ್ಯತ್ಯಾಸವನ್ನು ಔಷಧದ ಗುಣವೆಂದು ಎಣಿಸುವುದು ಯುಕ್ತವಲ್ಲ. ಅಪಾಯ ಹೆಚ್ಚಿದ್ದವರಿಗೆ ವೈದ್ಯರು ಅದನ್ನು ಕೊಡದೆ ಬಿಟ್ಟಿರಬಹುದಷ್ಟೆ. ಆದರೂ ಶಂಕೆಯನ್ನು ಬಹಳಮಟ್ಟಿಗೆ ತಗ್ಗಿಸಲು ಈ ಅಂಕಿಗಳು ಸಾಲುವುವು.

ಮೂತ್ರಪಿಂಡಗಳ ಮೂಲಕವೇ ವಿಸರ್ಜಿತವಾಗುವ ಔಷಧವಾದುದರಿಂದ, ಅವು ದುರ್ಬಲವಾಗಿರುವ ವೃದ್ಧರಿಗೆ ಪ್ರಮಾಣವನ್ನು ತಗ್ಗಿಸಬೇಕು. ಇನ್ನೊಂದು ಎಚ್ಚರಿಕೆ ಇದಕ್ಕಿಂತಲೂ ಗುರುತರವಾದುದು. ಮಂಡಿಯ ಶಸ್ತ್ರಚಿಕಿತ್ಸೆಯು ಅನೇಕವೇಳೆ ಬೆನ್ನಿಗೆ ಚುಚ್ಚುವ ಅರಿವಳಿಕೆಯಲ್ಲಿ ನಡೆಯುವುದಾಗಿ, ಹೋಲುವ ಆಂಪೂಲುಗಳ ಗೊಂದಲದಿಂದ ಈ ಆಮ್ಲವೇ ಬೆನ್ನುಹುರಿಯ ದ್ರವವನ್ನು ಸೇರಿ, ತೀವ್ರ ಸೆಳವು ಬಂದು ರೋಗಿಗಳು ಮೃತರಾದ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಆ ಎರಡು ಔಷಧಗಳನ್ನು ಒಂದೇ ತಟ್ಟೆಯಲ್ಲಿ ಇಡಲೇಕೂಡದು.